ಬೆಂಡು ಒಂದೊಂದಾಗಿ ಬಿಚ್ಚಿ: ಕಷ್ಟದ ವಿದ್ಯೆಯನ್ನು ಖುಷಿಯಿಂದ ಕಲಿಯುವ ಕ್ರಮ

ನಮ್ಮೂರು ಮುಧೋಳದ ಕಡೆ, ಘಟಪ್ರಭಾ ದಂಡೆಗೆ ಹತ್ತಿರ. ನಾನು ಈಜು ಕಲಿತದ್ದು ಕಾಕಾನ ಹೊಲದ ಬಾವಿಯಲ್ಲಿ. ಬೇಸಿಗೆ ರಜೆ ಆಗಷ್ಟೇ ಶುರುವಾಗಿತ್ತು. ಮೊದಲ ದಿನ ಕಾಕಾ ನನ್ನ ಬೆನ್ನಿಗೆ, ನೀರಿನಲ್ಲಿ ಮುಳುಗದಂತೆ ತೇಲಿಸುವ ಮೂರು ಬೆಂಡು ಕಟ್ಟಿದರು. ಸೊಂಟಕ್ಕೆ ಹಗ್ಗ ಬಿಗಿದರು. ಹಗ್ಗದ ತುದಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತರು. ಮೂರು ಬೆಂಡು ಇರುವಾಗ ಮುಳುಗುವ ಮಾತೇ ಇಲ್ಲ. ಕೈಕಾಲು ಬಡಿಯುವುದಷ್ಟೇ ನನ್ನ ಕೆಲಸ. ನಾಲ್ಕೈದು ದಿನಕ್ಕೆ ಅದು ಸಲೀಸಾಯಿತು. ಆಗ ಕಾಕಾ ಹೇಳಿದರು: “ತಮ್ಮಾ, ಇವತ್ತ ಒಂದ ಬೆಂಡ ಬಿಚ್ಚತೀನಿ.”

ಎರಡು ಬೆಂಡಿನಲ್ಲಿ ನೀರು ಗದ್ದಕ್ಕೆ ಬಂತು. ಮತ್ತೆ ನಾಲ್ಕು ದಿನ ಒದ್ದಾಟ. ಅದೂ ಸಲೀಸಾಯಿತು. ಇನ್ನೊಂದು ಬೆಂಡು ಹೋಯಿತು. ಕೊನೆಗೆ ಹಗ್ಗ ಮಾತ್ರ ಉಳಿಯಿತು, ಆಮೇಲೆ ಅದೂ ಇಲ್ಲ. ಆ ಇಪ್ಪತ್ತು ದಿನದಲ್ಲಿ ಒಂದು ದಿನವೂ ನನಗೆ ಬಾವಿಗೆ ಹೋಗಲು ಬೇಸರ ಆಗಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನಾನೇ ಕಾಕಾನ ಮನೆ ಮುಂದೆ ನಿಂತಿರುತ್ತಿದ್ದೆ.

ಮೂವತ್ತಾರನೇ ವಯಸ್ಸಿಗೆ ವಿಜಯಪುರದಲ್ಲಿ ತಬಲಾ ಕಲಿಯಲು ಹೋದೆ. ಅಲ್ಲಿ ಎಲ್ಲ ಉಲ್ಟಾ ಆಯಿತು. ಎರಡನೇ ವಾರಕ್ಕೇ ‘ತಿರಕಿಟ’ ಅನ್ನುವ ಪೆಟ್ಟುಗಳ ಗುಚ್ಛ ಬಾರಿಸಲು ಹೇಳಿದರು, ಅದೂ ವೇಗವಾಗಿ. ಪಕ್ಕದಲ್ಲಿ ಹತ್ತು ವರ್ಷದ ಮಕ್ಕಳು ಬಾರಿಸುತ್ತಿದ್ದರು. ನನ್ನ ಬೆರಳು ಒಂದಕ್ಕೊಂದು ತೊಡರುತ್ತಿದ್ದವು. ಎರಡು ತಿಂಗಳಿಗೆ ಬಿಟ್ಟುಬಿಟ್ಟೆ. ಬಲಗೈಯ ತಬಲಾ, ಎಡಗೈಯ ಡಗ್ಗಾ ಎರಡೂ ಗೋಣಿಚೀಲದಲ್ಲಿ ಮಂಚದ ಕೆಳಗೆ ಸೇರಿದವು. ಐದು ವರ್ಷ ಅಲ್ಲೇ ಇದ್ದವು.

ನಲವತ್ತೊಂದಕ್ಕೆ ಮತ್ತೆ ಹೊರಗೆ ತೆಗೆದೆ. ಈ ಸಲ ಕಾಕಾ ಈಜು ಕಲಿಸಿದ ಹಾಗೆ ಕಲಿತೆ. ಈಗ ನಮ್ಮ ಓಣಿಯ ಭಜನೆಯಲ್ಲಿ ಬಾರಿಸುತ್ತೇನೆ. ನಾನು ದೊಡ್ಡ ಕಲಾವಿದ ಅಲ್ಲ. ಆದರೆ ಕಲಿಯುವ ಹೊತ್ತು ದಿನದ ಅತ್ಯಂತ ಖುಷಿಯ ಹೊತ್ತಾಯಿತು. ಅದು ಹೇಗಾಯಿತು ಅನ್ನುವುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನೀವು ಕಲಿಯುತ್ತಿರುವುದು ಇಂಗ್ಲಿಷ್ ಮಾತಾಗಿರಲಿ, ಹೊಲಿಗೆಯಾಗಿರಲಿ, ಕಂಪ್ಯೂಟರ್ ಆಗಿರಲಿ, ಕ್ರಮ ಇದೇ.

ಹೆಜ್ಜೆ 1: ಬೇಸರ ಎಲ್ಲಿಂದ ಬರುತ್ತಿದೆ ನೋಡಿ

“ನನಗೆ ಆಸಕ್ತಿ ಹೋಯಿತು” ಅಂತ ಹೇಳಿ ಬಿಡುವವರು ಬಹಳ. ಆಸಕ್ತಿ ಸುಮ್ಸುಮ್ನೆ ಹೋಗುವುದಿಲ್ಲ. ಅದಕ್ಕೊಂದು ಕಾರಣ ಇರುತ್ತದೆ, ಆ ಕಾರಣವನ್ನು ಹುಡುಕಬಹುದು.

ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ (1934–2021) ಅಂತ ಒಬ್ಬ ಮನಶ್ಶಾಸ್ತ್ರಜ್ಞ ಇದ್ದರು. ಚಿತ್ರ ಬರೆಯುವವರು, ಬಂಡೆ ಹತ್ತುವವರು, ಚೆಸ್ ಆಡುವವರು ಹೊತ್ತು ಹೋದದ್ದೇ ಗೊತ್ತಾಗದಷ್ಟು ಕೆಲಸದಲ್ಲಿ ಮುಳುಗುವುದು ಯಾವಾಗ ಅಂತ ಅವರು ಕೇಳುತ್ತಾ ಹೋದರು. ಅವರಿಗೆ ಕಂಡದ್ದು ಇದು: ಕೆಲಸ ನಮ್ಮ ಕೈಗಿಂತ ತುಂಬ ದೊಡ್ಡದಾದರೆ ಗಾಬರಿ ಆಗುತ್ತದೆ. ತುಂಬ ಸಣ್ಣದಾದರೆ ಬೇಜಾರು ಬರುತ್ತದೆ. ಎರಡೂ ಹೆಚ್ಚುಕಡಿಮೆ ಸಮ ಇದ್ದಾಗ ಮನಸ್ಸು ಅದರಲ್ಲೇ ಮುಳುಗುತ್ತದೆ. ಕಾಕಾ ಮೆಟ್ಟಿಲ ಮೇಲೆ ಕೂತು ಮಾಡಿದ್ದೂ ಇದನ್ನೇ ಅಲ್ವಾ?

ಹಾಗಾಗಿ ಮುಂದಿನ ಸಲ ಬೇಸರ ಬಂದಾಗ ಪುಸ್ತಕ ಮುಚ್ಚುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ನನಗೆ ತೀರಾ ಕಷ್ಟವಾಗಿದೆಯಾ? ತೀರಾ ಸುಲಭವಾಗಿ, ಮಾಡಿದ್ದನ್ನೇ ಮಾಡುತ್ತಿದ್ದೇನಾ? ಅಥವಾ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತಲೇ ಕಾಣುತ್ತಿಲ್ಲವಾ? ಮೊದಲನೆಯದಕ್ಕೆ ಬೆಂಡು ಕಟ್ಟಬೇಕು. ಎರಡನೆಯದಕ್ಕೆ ಬಿಚ್ಚಬೇಕು. ಮೂರನೆಯದಕ್ಕೆ ಗುರಿ ಇಟ್ಟುಕೊಳ್ಳಬೇಕು. ಉತ್ತರವನ್ನು ಒಂದು ಸಾಲಿನಲ್ಲಿ ಬರೆದಿಡಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 1993ರಲ್ಲಿ ಆ್ಯಂಡರ್ಸ್ ಎರಿಕ್ಸನ್ ಮತ್ತು ಅವರ ಜೊತೆಗಾರರು ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಒಬ್ಬರೇ ಕೂತು ಮಾಡುವ ಅಭ್ಯಾಸ ಎಲ್ಲಕ್ಕಿಂತ ಮುಖ್ಯ ಅಂತ ಆ ವಿದ್ಯಾರ್ಥಿಗಳೇ ಹೇಳಿದ್ದರು. ಆದರೆ ಅದು ಅಷ್ಟೇನೂ ಖುಷಿ ಕೊಡುವ ಕೆಲಸ ಅಂತ ಅವರಿಗೆ ಅನ್ನಿಸಿರಲಿಲ್ಲ. ಅಷ್ಟು ಮುಂದೆ ಹೋದವರಿಗೇ ಹಾಗಿದ್ದರೆ, ನಮಗೆ ಅಭ್ಯಾಸಕ್ಕೆ ಕೂರಲು ಮನಸ್ಸಿಲ್ಲದಿದ್ದರೆ ಅದು ನಮ್ಮ ಸೋಮಾರಿತನ ಅಲ್ಲ. ಖುಷಿ ತಾನಾಗಿ ಬರುವುದಿಲ್ಲ, ಅದಕ್ಕೆ ನಾವೇ ಜಾಗ ಮಾಡಿಕೊಡಬೇಕು.

ಹೆಜ್ಜೆ 2: ಸಾಮಾನು ಸರಿ ಇದೆಯಾ ನೋಡಿ

ಇದನ್ನು ಯಾರೂ ಹೇಳುವುದಿಲ್ಲ. ನನ್ನ ಪ್ರಕಾರ ಅರ್ಧ ಜನ ಬಿಡುವುದೇ ಇಲ್ಲಿ.

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಮಂಡ್ಯದವರು. ಮದುವೆಯಾಗಿ ನಮ್ಮ ಮನೆಗೆ ಬಂದಾಗ ಮುದ್ದೆ ಕಟ್ಟುವುದರಲ್ಲಿ ಎತ್ತಿದ ಕೈ, ಆದರೆ ಜೋಳದ ರೊಟ್ಟಿ ಬಡಿದು ಗೊತ್ತಿಲ್ಲ. ಮೊದಲ ಮೂರು ದಿನ ಬಡಿದ ರೊಟ್ಟಿಯೆಲ್ಲ ಅಂಚಿನಲ್ಲಿ ಸೀಳಿದವು. ಎತ್ತುವಾಗಲೇ ಹರಿದವು. ವೈನಿಗೆ ಕಣ್ಣಲ್ಲಿ ನೀರು. ಆಮೇಲೆ ಅವ್ವ ಡಬ್ಬಿಯ ಹಿಟ್ಟು ಮುಟ್ಟಿ ನೋಡಿ ಹೇಳಿದಳು: “ಇದು ಹಳೀ ಹಿಟ್ಟ. ಜಿಗಿನೇ ಇಲ್ಲ. ನನಗೂ ಬರೂದಿಲ್ಲ ಇದರಾಗ.”

ಗೋಧಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತದೆ. ಆ ಜಿಗಿಯ ಬಲದ ಮೇಲೆಯೇ ರೊಟ್ಟಿ ನಿಲ್ಲುತ್ತದೆ. ಹಿಟ್ಟು ಹಳೆಯದಾದರೆ, ಎಸರು ಸರಿಯಾಗಿ ಕುದಿಯದಿದ್ದರೆ ಎಷ್ಟು ಒಳ್ಳೆಯ ಕೈ ಇದ್ದರೂ ರೊಟ್ಟಿ ಸೀಳುತ್ತದೆ. ಮರುದಿನ ಗಿರಣಿಯಿಂದ ಹೊಸದಾಗಿ ಬೀಸಿದ ಬಿಳಿ ಜೋಳದ ಹಿಟ್ಟು ಬಂತು. ಅದೇ ವೈನಿ, ಅದೇ ಕೈ, ರೊಟ್ಟಿ ಹರಿಯಲಿಲ್ಲ.

ನನ್ನ ತಬಲಾಕ್ಕೂ ಇದೇ ರೋಗ. ಐದು ವರ್ಷ ಗೋಣಿಚೀಲದಲ್ಲಿ ಇದ್ದದ್ದಕ್ಕೆ ಶ್ರುತಿಯೇ ಇರಲಿಲ್ಲ. ಬಡಿದರೆ ಡಬ್ಬಿ ಬಡಿದ ಹಾಗೆ. ರಿಪೇರಿ ಮಾಡಿಸಿದ ದಿನ ‘ನಾ’ ಅನ್ನುವ ಒಂದೇ ಪೆಟ್ಟು ಬಾರಿಸಿದೆ, ನಾದ ಮನೆ ತುಂಬಿತು. ಆ ಒಂದು ನಾದಕ್ಕಾಗಿಯೇ ಮರುದಿನ ಮತ್ತೆ ಕೂತೆ.

ದುಬಾರಿ ಸಾಮಾನು ಬೇಡ. ಕೆಟ್ಟ ಸಾಮಾನು ಮಾತ್ರ ಬೇಡವೇ ಬೇಡ. ಕಲಿತವರೊಬ್ಬರ ಕೈಗೆ ನಿಮ್ಮ ಸಾಮಾನು ಕೊಟ್ಟು ನೋಡಿ. ಅವರಿಗೂ ಬಾರದಿದ್ದರೆ ತಪ್ಪು ನಿಮ್ಮದಲ್ಲ.

ಹೆಜ್ಜೆ 3: ಕಣ್ಣಿಗೆ ಕಾಣುವ ಒಂದು ಗುರಿ

“ತಬಲಾ ಕಲಿಯಬೇಕು” ಅನ್ನುವುದಕ್ಕೆ ಕೊನೆಯೇ ಇಲ್ಲ. “ಶ್ರಾವಣದೊಳಗೆ ಭಜನೆಯಲ್ಲಿ ಒಂದು ಪದಕ್ಕೆ (ಹಾಡಿಗೆ) ಬಾರಿಸಬೇಕು” ಅಂದರೆ ಕಣ್ಣಿಗೆ ಕಾಣುತ್ತದೆ. ದಿನ ಗೊತ್ತು, ಜಾಗ ಗೊತ್ತು, ಪದ ಗೊತ್ತು. ನನ್ನ ಗುರಿ ಅದೇ ಆಗಿತ್ತು. ಆ ಪದಕ್ಕೆ ಬೇಕಾದದ್ದು 8 ಮಾತ್ರೆಯ, ಅಂದರೆ 8 ಎಣಿಕೆಯ, ಕೆಹರವಾ ತಾಳ ಒಂದೇ. ಹಾಗಾಗಿ 16 ಮಾತ್ರೆಯ ತೀನ್‌ತಾಲ್ ತಾಳ, ಕಾಯದಾ ಅನ್ನುವ ಅಭ್ಯಾಸದ ಪಾಠ, ತಿರಕಿಟ ಎಲ್ಲವನ್ನೂ ಪಕ್ಕಕ್ಕಿಟ್ಟೆ. ತಲೆ ಮೇಲಿನ ಭಾರ ಇಳಿದ ಹಾಗಾಯಿತು.

ನಿಮ್ಮ ಗುರಿಯೂ ಹೀಗೇ ಇರಲಿ. ಇಂಗ್ಲಿಷ್ ಕಲಿಯುತ್ತಿದ್ದರೆ ಬ್ಯಾಂಕಿಗೆ ಒಂದು ಫೋನ್ ಮಾಡಿ ಪೂರ್ತಿ ಇಂಗ್ಲಿಷಿನಲ್ಲೇ ಮಾತಾಡಿ ಮುಗಿಸುವುದು. ಕಾರು ಕಲಿಯುತ್ತಿದ್ದರೆ ಬಾಗಲಕೋಟೆಯ ನವನಗರದಿಂದ ಹಳೆ ಊರಿಗೆ ಹೋಗಿ ಬರುವುದು. ಒಂದರಿಂದ ಮೂರು ತಿಂಗಳಲ್ಲಿ ಆಗುವಂಥದ್ದು ಸಾಕು.

ಹೆಜ್ಜೆ 4: ವಿದ್ಯೆಯನ್ನು ಬಿಡಿಬಿಡಿಯಾಗಿಸಿ

ಇಳಕಲ್‌ನಲ್ಲಿ ನೇಕಾರರ ಮನೆಗೆ ಹೋದರೆ ಒಂದು ವಿಷಯ ಕಾಣುತ್ತದೆ. ಯಾರನ್ನೂ ಮೊದಲ ದಿನವೇ ಮಗ್ಗದ ಮೇಲೆ ಕೂರಿಸುವುದಿಲ್ಲ. ಮನೆಯ ಮಕ್ಕಳು ಮೊದಲು ಕಂಡಿಕೆ, ಅಂದರೆ ಲಾಳಿಯಲ್ಲಿಡುವ ನೂಲಿನ ಸಣ್ಣ ಉರುಳೆ, ಸುತ್ತುತ್ತಾರೆ. ಅದರಲ್ಲೇ ನೂಲು ಕೈಗೆ ಪರಿಚಯ ಆಗುತ್ತದೆ. ಎಷ್ಟು ಎಳೆದರೆ ಹರಿಯುತ್ತದೆ, ಎಷ್ಟು ಬಿಟ್ಟರೆ ಸಿಕ್ಕಾಗುತ್ತದೆ ಅನ್ನುವುದು ಬೆರಳಿಗೆ ಗೊತ್ತಾಗುತ್ತದೆ. ಹರಿದ ಎಳೆ ಕೂಡಿಸುವುದು, ಲಾಳಿ ಎಸೆಯುವುದು ಎಲ್ಲ ಆಮೇಲೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹೋಗುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಅದು ಬಹಳ ನಾಜೂಕಿನ ಕೆಲಸ. ಅದನ್ನು ಮೊದಲ ದಿನ ಕೊಟ್ಟರೆ ಯಾವ ಮಗುವೂ ಮಗ್ಗದ ಕಡೆ ತಿರುಗಿ ನೋಡುವುದಿಲ್ಲ.

ಹೊಸ ಹಿಟ್ಟು ಬಂದ ಮೇಲೆ ದೊಡ್ಡ ರೊಟ್ಟಿ ಬಡಿಯುವುದನ್ನು ಅವ್ವ ವೈನಿಗೆ ಕಲಿಸಿದ್ದೂ ಹಾಗೇ. ಮೊದಲ ವಾರ ವೈನಿಯ ಕೆಲಸ ಹಿಟ್ಟು ನಾದುವುದು ಮಾತ್ರ. ಬಡಿಯುವುದು ಅವ್ವ. ಎರಡನೇ ವಾರ ವೈನಿ ಅಂಗೈ ಅಗಲದ ರೊಟ್ಟಿ ಬಡಿಯುವುದು, ಎತ್ತಿ ಹಂಚಿಗೆ ಹಾಕುವುದು ಅವ್ವ. ಮೂರನೇ ವಾರ ಎತ್ತಿ ಹಾಕುವುದು, ಮೇಲೆ ನೀರು ಸವರುವುದು, ಆ ನೀರು ಆರಿದ ಕೂಡಲೇ ತಿರುವುವುದು. ನಾಲ್ಕನೇ ವಾರ ದೊಡ್ಡ ರೊಟ್ಟಿ. ಇದರಲ್ಲಿ ಒಂದು ಗುಟ್ಟು ಇದೆ. ಮೊದಲ ದಿನದಿಂದಲೂ ತಾಟಿಗೆ ಬಿದ್ದದ್ದು ಪೂರ್ತಿ ರೊಟ್ಟಿಯೇ. ವೈನಿಯ ಪಾಲು ಸಣ್ಣದಿತ್ತು, ಆದರೆ ಸಂಜೆ ಎಲ್ಲರೂ ಉಂಡದ್ದು ಅವರ ಕೈ ತಾಗಿದ ರೊಟ್ಟಿ. ಬಿಡಿಸುವುದು ಅಂದರೆ ಬರೀ ಚೂರು ಮಾಡುವುದಲ್ಲ. ಪ್ರತಿ ಚೂರೂ ಎಲ್ಲಿಗೆ ಹೋಗಿ ಸೇರುತ್ತದೆ ಅಂತ ಕಾಣುತ್ತಿರಬೇಕು.

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಗುರಿಗೆ ಬೇಕಾದ ಸಣ್ಣ ಸಣ್ಣ ಕೆಲಸಗಳನ್ನು ಬರೆಯಿರಿ. ಆರೇಳಕ್ಕಿಂತ ಜಾಸ್ತಿ ಬೇಡ. ಯಾವುದು ನಿಮ್ಮನ್ನು ಹೆಚ್ಚು ಕಾಡುತ್ತಿದೆಯೋ ಅದಕ್ಕೆ ಗೆರೆ ಹಾಕಿ. ಒಂದು ವಾರ ಆ ಒಂದರ ಮೇಲೆ ಮಾತ್ರ ಕೆಲಸ ಮಾಡಿ. ಉಳಿದವನ್ನು ಬೇರೆಯವರ ಕೈಯಿಂದ ಮಾಡಿಸಿ, ಇಲ್ಲವೇ ಸುಲಭ ಮಾಡಿಕೊಳ್ಳಿ.

ಹೆಜ್ಜೆ 5: ಬೆಂಡು ಕಟ್ಟಿ, ಬಿಚ್ಚಿ

ಈ ಬರಹದ ಹೃದಯ ಇದು. ಬೇರೆಲ್ಲ ಮರೆತರೂ ಇದೊಂದನ್ನು ಮಾಡಿ ನೋಡಿ.

ಬೆಂಡು ಅಂದರೆ ಸದ್ಯಕ್ಕೆ ನಿಮ್ಮನ್ನು ತೇಲಿಸುವ ಆಸರೆ. ನಿಧಾನದ ವೇಗ ಒಂದು ಬೆಂಡು. ಒಂದೇ ಕೈ ಬಳಸುವುದು ಒಂದು ಬೆಂಡು. ನೋಡಿಕೊಂಡು ಓದುವುದು, ಪಕ್ಕದಲ್ಲಿ ಬಲ್ಲವರು ಇರುವುದು, ಸಣ್ಣ ತುಣುಕನ್ನು ಮಾತ್ರ ತೆಗೆದುಕೊಳ್ಳುವುದು ಎಲ್ಲವೂ ಬೆಂಡುಗಳೇ. ಕೆಹರವಾಕ್ಕೆ ನಾನು ಕಟ್ಟಿಕೊಂಡ ಬೆಂಡುಗಳು ಹೀಗಿದ್ದವು. ಮೊದಲು ಬರೀ ಬಾಯಲ್ಲಿ: “ಧಾ ಗೆ ನಾ ತಿ, ನ ಕ ಧಿ ನ.” ವಾಯುವಿಹಾರದಲ್ಲಿ ಹೆಜ್ಜೆಗೊಂದು ಅಕ್ಷರ. ಆಮೇಲೆ ಬಲಗೈ ಮಾತ್ರ. ಆಮೇಲೆ ಡಗ್ಗಾ ಮಾತ್ರ. ಆಮೇಲೆ ಎರಡೂ ಕೈ, ಆದರೆ ಮೊಬೈಲಿನ ಮೆಟ್ರೊನೋಮ್ (ಒಂದೇ ಲಯದಲ್ಲಿ ಟಕ್ ಟಕ್ ಅನ್ನುವ ಆ್ಯಪ್) ನಿಮಿಷಕ್ಕೆ 50ರಲ್ಲಿ. ಆಮೇಲೆ 60, 70. ಆಮೇಲೆ ಹಾಡಿನ ಜೊತೆ.

ಬೆಂಡು ಯಾವಾಗ ಬಿಚ್ಚಬೇಕು? ಕಾಕಾನಿಗೆ ನೋಡಿದರೆ ಗೊತ್ತಾಗುತ್ತಿತ್ತು. ಒಬ್ಬರೇ ಕಲಿಯುವವರಿಗೆ ಒಂದು ಲೆಕ್ಕ ಬೇಕು. ನಾನು ಹತ್ತು ಹುಣಸೆ ಬೀಜ ಇಟ್ಟುಕೊಂಡಿದ್ದೆ. ಒಂದು ತುಣುಕನ್ನು ಹತ್ತು ಸಲ ಬಾರಿಸುತ್ತಿದ್ದೆ. ಸರಿ ಬಂದರೆ ಬೀಜ ಬಲಕ್ಕೆ, ತಪ್ಪಿದರೆ ಎಡಕ್ಕೆ.

ಬಲಕ್ಕೆ ಎಂಟು ಅಥವಾ ಹೆಚ್ಚು ಬೀಜ ಇದ್ದರೆ ಒಂದು ಬೆಂಡು ಬಿಚ್ಚುತ್ತಿದ್ದೆ. ಅಂದರೆ ವೇಗ ಸ್ವಲ್ಪ ಏರಿಸುವುದು, ಇಲ್ಲವೇ ತುಣುಕು ಉದ್ದ ಮಾಡುವುದು. ನಾಲ್ಕು ಅಥವಾ ಕಡಿಮೆ ಇದ್ದರೆ ಬಿಚ್ಚಿದ ಬೆಂಡನ್ನು ಮತ್ತೆ ಕಟ್ಟುತ್ತಿದ್ದೆ. ಐದು, ಆರು, ಏಳು ಬಂದರೆ ಅಲ್ಲೇ ಇರುತ್ತಿದ್ದೆ, ಏಕೆಂದರೆ ಖುಷಿ ಇರುವುದು ಅಲ್ಲೇ. ಬರುತ್ತದೆ, ಆದರೆ ಖಾತ್ರಿ ಇಲ್ಲ. ಪ್ರತಿ ಸಲವೂ “ಈ ಸಲ ಬರುತ್ತದಾ?” ಅಂತ ಎದೆ ಸ್ವಲ್ಪ ಬಡಿದುಕೊಳ್ಳುತ್ತದೆ. ಕ್ರಿಕೆಟ್ ನೋಡುವಾಗ ನಮ್ಮನ್ನು ಹಿಡಿದು ಕೂರಿಸುವುದೂ ಇದೇ ಅಲ್ವಾ? ಫಲಿತಾಂಶ ಮೊದಲೇ ಗೊತ್ತಿದ್ದರೆ ಯಾರು ನೋಡುತ್ತಾರೆ?

ಈ ಅಂಕಿ ನನ್ನ ಅನುಭವದ ಲೆಕ್ಕ. ನಿಮಗೆ ಒಂದೆರಡು ಬೀಜ ಆಚೀಚೆ ಆಗಬಹುದು.

ಇಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ನಾಚಿಕೆಯಿಂದ ಬೆಂಡು ಕಟ್ಟಿಕೊಳ್ಳದೇ ಇರುವುದು. ದೊಡ್ಡವರಾದ ಮೇಲೆ ಕಲಿಯುವವರಿಗೆ ಇದು ಜಾಸ್ತಿ. “ಇಷ್ಟು ನಿಧಾನ ಬಾರಿಸಿದರೆ ನೋಡಿದವರು ಏನಂದಾರು?” ಅಂತ. ನಿಧಾನ ಬಾರಿಸಿದರೆ ಕೈ ಸರಿಯಾದದ್ದನ್ನು ಕಲಿಯುತ್ತದೆ. ಬೇಗ ಬಾರಿಸಿದರೆ ತಪ್ಪನ್ನೇ ಕಲಿಯುತ್ತದೆ, ಮತ್ತು ಕಲಿತ ತಪ್ಪನ್ನು ಬಿಡಿಸುವುದು ಇನ್ನೂ ಕಷ್ಟ. ಎರಡನೇ ತಪ್ಪು ಬೆಂಡು ಬಿಚ್ಚದೇ ಇರುವುದು. ಬರುವ ಪಾಠವನ್ನೇ ತಿಂಗಳುಗಟ್ಟಲೆ ಮಾಡುತ್ತಾ ಕೂರುವುದು. ಅದು ಹಾಯಾಗಿರುತ್ತದೆ, ಆದರೆ ನಾಲ್ಕನೇ ವಾರಕ್ಕೆ ಮನಸ್ಸು ಬೇರೆ ಕಡೆ ಓಡುತ್ತದೆ. ಮೂರು ಬೆಂಡು ಕಟ್ಟಿಕೊಂಡು ಇಡೀ ಬೇಸಿಗೆ ತೇಲುವ ಹುಡುಗ ಈಜು ಕಲಿಯುವುದಿಲ್ಲ.

ಮಾತಿಗೆ ಹೇಳಿಬಿಡುತ್ತೇನೆ: ನಿಜವಾದ ಬಾವಿಯಲ್ಲಿ ಮಕ್ಕಳಿಗೆ ಈಜು ಕಲಿಸುವಾಗ ಬೆಂಡು ಇದೆ ಅಂತ ದೂರ ಹೋಗಬೇಡಿ. ಚೆನ್ನಾಗಿ ಈಜು ಬರುವವರು ಹಗ್ಗ ಹಿಡಿದು ಅಲ್ಲೇ ಇರಲೇಬೇಕು.

ಹೆಜ್ಜೆ 6: ತಪ್ಪು ಆಗಿಂದಾಗ್ಗೆ ತಿಳಿಯಲಿ

ನನ್ನ ತಂಗಿ ಕಸೂತಿ ಕಲಿತಳು. ಕಸೂತಿಯಲ್ಲಿ ನಾಲ್ಕು ಬಗೆ ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ. ಎಳೆ ಎಣಿಸಿ ಎಣಿಸಿ ಸೂಜಿ ಹಾಕಬೇಕು. ಗಂಟು ಕೂಡ ಹಾಕುವುದಿಲ್ಲ. ಗವಂತಿಯಲ್ಲಿ ಸೂಜಿ ಒಂದೇ ಸಾಲಿನಲ್ಲಿ ನಡುನಡುವೆ ಜಾಗ ಬಿಟ್ಟು ಬಿಟ್ಟು ಮುಂದೆ ಹೋಗುತ್ತದೆ, ಬಿಟ್ಟ ಜಾಗ ತುಂಬುತ್ತಾ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಹೋಗುವಾಗ ಒಂದೇ ಒಂದು ಎಳೆ ತಪ್ಪಿ ಎಣಿಸಿದ್ದರೂ ಬರುವಾಗ ಗೆರೆ ಕೂಡುವುದಿಲ್ಲ. ಯಾರೂ ಬಂದು ಹೇಳಬೇಕಾಗಿಲ್ಲ. ಬಟ್ಟೆಯೇ ಹೇಳುತ್ತದೆ. ತಂಗಿ ಕೂತಲ್ಲಿಂದ ಏಳದೆ ಎರಡು ತಾಸು ಹೊಲಿಯುತ್ತಿದ್ದಳು. ಸಣ್ಣ ತೇರು, ಸಣ್ಣ ನವಿಲು ಮೂಡುವುದನ್ನು ನೋಡುತ್ತಾ ಅವಳಿಗೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ಎಲ್ಲ ವಿದ್ಯೆಗೂ ಈ ಭಾಗ್ಯ ಇಲ್ಲ. ಹಾಡು, ಮಾತು, ತಬಲಾದಲ್ಲಿ ತಪ್ಪು ಗಾಳಿಯಲ್ಲಿ ಹೋಗಿಬಿಡುತ್ತದೆ. ಬಾರಿಸುವಾಗ ಕೈಯ ಕಡೆ ಗಮನ ಇರುತ್ತದೆ, ಕಿವಿ ಕೇಳುವುದಿಲ್ಲ. ನಮ್ಮ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಮಕ್ಕಳು ಚಪ್ಪಾಳೆ ತಟ್ಟಿ, ತಮ್ಮದೇ ಚಪ್ಪಾಳೆ ಮತ್ತೆ ಮತ್ತೆ ಕೇಳಿದಾಗ ಹೇಗೆ ಬೆರಗಾಗುತ್ತಾರೆ ನೋಡಿದ್ದೀರಾ? ನಮ್ಮ ಸದ್ದು ನಮಗೇ ವಾಪಸು ಬರಬೇಕು. ಅದಕ್ಕೆ ಮೊಬೈಲಿನ ರೆಕಾರ್ಡರ್ ಸಾಕು.

ವಾರಕ್ಕೊಂದು ಸಲ, ಒಂದೇ ನಿಮಿಷ ರೆಕಾರ್ಡ್ ಮಾಡಿ. ತಕ್ಷಣ ಕೇಳಬೇಡಿ, ಮರುದಿನ ಕೇಳಿ. ಕೇಳುವಾಗ ಸರಿ ಬಂದದ್ದನ್ನು ಒಂದು, ತಿದ್ದಬೇಕಾದದ್ದನ್ನು ಒಂದು ಮಾತ್ರ ಬರೆದುಕೊಳ್ಳಿ. ಹತ್ತು ತಪ್ಪು ಬರೆದುಕೊಂಡರೆ ಹತ್ತೂ ಉಳಿಯುತ್ತವೆ. ಮತ್ತು ಹಳೆಯ ರೆಕಾರ್ಡಿಂಗ್ ಅಳಿಸಬೇಡಿ. ಇದು ಬಹಳ ಮುಖ್ಯ, ಕೊನೆಗೆ ಮತ್ತೆ ಇದಕ್ಕೆ ಬರುತ್ತೇನೆ.

ಹೆಜ್ಜೆ 7: ಹೊತ್ತು ಮತ್ತು ಜಾಗ

ದಿನಕ್ಕೆ 20 ರಿಂದ 25 ನಿಮಿಷ. ಭಾನುವಾರ ಒಂದೇ ಸಲ ಮೂರು ತಾಸು ಬೇಡ.

ಇದಕ್ಕೆ ಹಳೆಯ ಆಧಾರ ಇದೆ. ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಪದಗಳ ಸಾಲುಗಳನ್ನು ತಾವೇ ಬಾಯಿಪಾಠ ಮಾಡಿ ಲೆಕ್ಕ ಇಟ್ಟರು. 1885ರಲ್ಲಿ ಅದನ್ನು ಪ್ರಕಟಿಸಿದರು. ಒಂದೇ ದಿನ 68 ಸಲ ಹೇಳಿಕೊಂಡರೆ ಎಷ್ಟು ನೆನಪು ಉಳಿಯುತ್ತದೋ, ಮೂರು ದಿನಕ್ಕೆ ಹಂಚಿ 38 ಸಲ ಹೇಳಿಕೊಂಡರೂ ಸುಮಾರು ಅಷ್ಟೇ ಉಳಿಯಿತು. ಹೆಚ್ಚುಕಡಿಮೆ ಅರ್ಧ ಶ್ರಮ! ಹೊಲಕ್ಕೆ ನೀರು ಬಿಡುವವರಿಗೆ ಇದು ಹೊಸದಲ್ಲ. ಒಂದೇ ದಿನ ತಿಂಗಳ ನೀರು ಹಾಯಿಸಿದರೆ ಹರಿದು ಹೋಗುತ್ತದೆ.

ಇನ್ನೂ ಒಂದಿದೆ. ಬರುತ್ತಿರುವಾಗಲೇ ನಿಲ್ಲಿಸಿ. ಸುಸ್ತಾಗಿ, ಬೈದುಕೊಂಡು ಏಳಬೇಡಿ. ಏಳುವ ಮೊದಲು ಚೆನ್ನಾಗಿ ಬರುವ ಒಂದನ್ನು ಬಾರಿಸಿ ಏಳಿ. ಮರುದಿನ ಕೂರುವಾಗ ಮನಸ್ಸಿಗೆ ನೆನಪಾಗುವುದು ಕೊನೆಗೆ ಬಾರಿಸಿದ್ದೇ.

ಜಾಗದ ವಿಷಯ ಚಿಕ್ಕದು. ತಬಲಾವನ್ನು ಮಂಚದ ಕೆಳಗಿನಿಂದ ತೆಗೆದು ಪಡಸಾಲೆಯ ಮೂಲೆಯಲ್ಲಿ ಇಟ್ಟೆ. ಚೀಲ ಬಿಚ್ಚುವ ಕೆಲಸವೇ ಇಲ್ಲ. ಸಂಜೆ ಚಹಾ ಕುಡಿದ ಕೂಡಲೇ ಅಲ್ಲಿ ಕೂರುವುದು. ಚಹಾ ಹೇಗೂ ತಪ್ಪುವುದಿಲ್ಲ, ಅದರ ಬೆನ್ನಿಗೆ ಅಭ್ಯಾಸವೂ ತಪ್ಪಲಿಲ್ಲ.

ಹೆಜ್ಜೆ 8: ಜೊತೆ

ನಮ್ಮ ಕಡೆ ಗರಡಿ ಮನೆಗಳಲ್ಲಿ ಯಾರೂ ಒಬ್ಬರೇ ಕುಸ್ತಿ ಕಲಿಯುವುದಿಲ್ಲ. ಕಲಿಯಲಿಕ್ಕೇ ಆಗುವುದಿಲ್ಲ, ಜೋಡಿ ಬೇಕು. ಕೆಂಪು ಮಣ್ಣಿನಲ್ಲಿ ಬಿದ್ದವನನ್ನು ಕೆಡವಿದವನೇ ಎಬ್ಬಿಸುತ್ತಾನೆ. ಹೇಗೆ ಬಿದ್ದೆ ಅಂತ ಅವನೇ ಹೇಳಿಕೊಡುತ್ತಾನೆ.

ನನಗೆ ಸಿಕ್ಕಿದ್ದು ಭಜನಾ ಮಂಡಳಿ. ಮೊದಲ ತಿಂಗಳು ನಾನು ತಾಳ ಹಾಕುವವರ ಜೊತೆ ಕೂತೆ. ಅಲ್ಲಿ ತಪ್ಪಿದರೂ ಹತ್ತು ಜನರ ತಾಳದಲ್ಲಿ ಮುಚ್ಚಿಹೋಗುತ್ತದೆ. ಆಮೇಲೆ ಹಿರಿಯ ತಬಲಾದವರು ಒಂದು ಅಮಾವಾಸ್ಯೆಯ ಭಜನೆಯಲ್ಲಿ, ಪದದ ಕೊನೆಗೆ ಎದ್ದು ನಿಂತು ಹೇಳಿದರು: “ಬರ್ರಿ ಸರ, ಇನ್ನೊಂದು ನುಡಿ ನೀವ ಬಾರಸ್ರಿ. ನಾ ಬಾಜೂಕ ಕೂಡತೀನಿ.” ಒಂದೇ ನುಡಿ, ಅಂದರೆ ಹಾಡಿನ ಒಂದು ಚರಣ. ಲಯ ಎರಡು ಸಲ ಜಾರಿತು. ಹಾಡುವವರು ನನಗಾಗಿ ನಿಧಾನ ಮಾಡಿದರು, ಅದನ್ನು ನಾನು ಮರೆಯುವುದಿಲ್ಲ.

ಜೊತೆ ಹುಡುಕುವಾಗ ಇದನ್ನು ನೋಡಿ: ಅವರ ಮುಂದೆ ತಪ್ಪು ಮಾಡಲು ನಿಮಗೆ ಭಯ ಆಗುತ್ತದಾ? ಭಯ ಆದರೆ ಅವರು ಎಷ್ಟೇ ದೊಡ್ಡ ವಿದ್ವಾಂಸರಾಗಿದ್ದರೂ ಶುರುವಿಗೆ ಬೇಡ. ನಿಮಗಿಂತ ಆರು ತಿಂಗಳು ಮುಂದೆ ಇರುವವರು ಒಳ್ಳೆಯ ಜೊತೆ. ಅವರಿಗೆ ತಾವು ಎಲ್ಲಿ ಎಡವಿದ್ದೆವು ಅಂತ ಇನ್ನೂ ನೆನಪಿರುತ್ತದೆ.

ಹೆಜ್ಜೆ 9: ಬಾಯಿ ಸಿಹಿ, ಆದರೆ ಹದದಲ್ಲಿ

ಕಲಿತದ್ದಕ್ಕೆ ನಮಗೆ ನಾವೇ ಏನಾದರೂ ಕೊಟ್ಟುಕೊಳ್ಳಬೇಕು ಅಂತ ಹೇಳುತ್ತಾರೆ. ಸರಿಯೇ. ಆದರೆ “ದಿನಾ ಅಭ್ಯಾಸ ಮಾಡಿದರೆ ದಿನಾ ಒಂದು ತುಂಡು ಗೋಕಾಕ ಕರದಂಟು” ಅಂತ ಕರಾರು ಮಾಡಿಕೊಳ್ಳಬೇಡಿ. 1973ರಲ್ಲಿ ಅಮೆರಿಕದಲ್ಲಿ ಮಾರ್ಕ್ ಲೆಪರ್ ಮತ್ತು ಜೊತೆಗಾರರು ಶಿಶುವಿಹಾರದ ಮಕ್ಕಳ ಮೇಲೆ ಮಾಡಿದ ಪ್ರಯೋಗವೊಂದು ಪ್ರಕಟವಾಯಿತು. ಚಿತ್ರ ಬರೆಯುವುದು ಮೊದಲೇ ಇಷ್ಟವಿದ್ದ ಮಕ್ಕಳು ಅವರು. ಚಿತ್ರ ಬರೆದರೆ ಬಹುಮಾನ ಅಂತ ಮೊದಲೇ ಹೇಳಿಸಿಕೊಂಡ ಮಕ್ಕಳು ಆಮೇಲೆ ತಾವಾಗಿ ಚಿತ್ರ ಬರೆಯುವುದು ಕಡಿಮೆಯಾಯಿತು. ಹೇಳದೇ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ.

ಅದಕ್ಕೇ ಒಂದು ಬೆಂಡು ಬಿಚ್ಚಿದ ದಿನ ಮನೆಯವರಿಗೆಲ್ಲ ಕರದಂಟು ಅಥವಾ ಬೆಳಗಾವಿ ಕುಂದಾ ತನ್ನಿ. ಹಂಚಿ ತಿನ್ನಿ. ಅದು ಕೂಲಿ ಆಗದೆ ಹಬ್ಬ ಆಗಲಿ.

ಹೆಜ್ಜೆ 10: ನಿಂತ ನೀರಾದಾಗ

ಎಲ್ಲರಿಗೂ ಒಂದು ಹಂತ ಬರುತ್ತದೆ. ಮೂರು ವಾರ ಆದರೂ ಬೀಜಗಳು ಬಲಕ್ಕೆ ಹೋಗುವುದಿಲ್ಲ. ಇಲ್ಲವೇ ಕೈಗೆ ನೋವು, ಮನೆಯಲ್ಲಿ ಕಾಯಿಲೆ, ಕೆಲಸದ ಒತ್ತಡ. ಕೂರಲು ಆಗುವುದೇ ಇಲ್ಲ.

ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವುದು ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವ. ಎಳೆಯ ವಯಸ್ಸಿಗೇ ಹೆಸರು ಮಾಡಿದ ಗಾಯಕ. ಇಪ್ಪತ್ತರ ಹರೆಯದಲ್ಲಿ ಕ್ಷಯರೋಗ ಬಂತು. ಹವಾ ಚೆನ್ನಾಗಿದೆ ಅಂತ ಮಧ್ಯಪ್ರದೇಶದ ದೇವಾಸ್‌ಗೆ ಹೋದರು. ವರ್ಷಗಟ್ಟಲೆ ಹಾಡುವ ಹಾಗಿರಲಿಲ್ಲ. ಮಲಗಿದಲ್ಲೇ ಅವರು ಕೇಳಿದರು. ದಾರಿಯಲ್ಲಿ ಹೋಗುವವರ ಹಾಡು, ಮಾಳವದ ಹಳ್ಳಿಯವರ ಹಾಡು. ಮತ್ತೆ ಹಾಡತೊಡಗಿದಾಗ ಶ್ವಾಸಕೋಶ ಮೊದಲಿನಂತೆ ಇರಲಿಲ್ಲ. ತಮ್ಮ ಉಸಿರಿಗೆ ಹೊಂದುವ ಸಣ್ಣ ಸಣ್ಣ ತುಣುಕುಗಳಲ್ಲಿ ಹಾಡಿದರು. ಆ ಜನಪದ ಹಾಡುಗಳು ಅವರ ಸಂಗೀತದೊಳಗೆ ಬಂದವು.

ಕೈ ಆಡದಾಗ ಕಿವಿ ಕಲಿಯಲಿ. ನಿಂತ ನೀರಾದಾಗ ನಾನು ಮಾಡುವುದು ಇಷ್ಟೇ. ಒಂದು ವಾರ ತಬಲಾ ಮುಟ್ಟುವುದಿಲ್ಲ, ಬರೀ ಕೇಳುತ್ತೇನೆ. ಬೆರಳಲ್ಲಿ ಮಾತ್ರೆ ಎಣಿಸುತ್ತಾ ಕೇಳುತ್ತೇನೆ. ಆಮೇಲೆ ಎರಡು ಬೆಂಡು ಮತ್ತೆ ಕಟ್ಟಿಕೊಂಡು ಶುರು ಮಾಡುತ್ತೇನೆ. ಬಹಳ ಸಲ ಮೂರ್ನಾಲ್ಕು ದಿನದಲ್ಲೇ ಸಿಕ್ಕು ಬಿಟ್ಟಿರುತ್ತದೆ.

ಮೊದಲ ನಾಲ್ಕು ವಾರ

ಮೊದಲ ವಾರ ಅಭ್ಯಾಸಕ್ಕಿಂತ ತಯಾರಿ ಜಾಸ್ತಿ. ಸಾಮಾನು ತೋರಿಸಿ, ಗುರಿ ಬರೆಯಿರಿ, ಬಿಡಿ ಕೆಲಸಗಳ ಪಟ್ಟಿ ಮಾಡಿ, ಜಾಗ ಗೊತ್ತು ಮಾಡಿ. ಮೊದಲ ದಿನವೇ ಒಂದು ನಿಮಿಷ ರೆಕಾರ್ಡ್ ಮಾಡಿ. ಎಷ್ಟು ಕೆಟ್ಟದಾಗಿದ್ದರೂ ಸರಿ. ಕೈಕೆಲಸವಾದರೆ ಫೋಟೊ ತೆಗೆದಿಡಿ, ತಂಗಿ ಹಾಗೇ ಮಾಡಿದ್ದಳು.

ಎರಡನೇ ಮತ್ತು ಮೂರನೇ ವಾರ ಹುಣಸೆ ಬೀಜದ ವಾರಗಳು. ವಾರಕ್ಕೆ ಗೆರೆ ಹಾಕಿದ ಒಂದೇ ಕೆಲಸ, ದಿನಕ್ಕೆ 20 ನಿಮಿಷ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಮಾಡಲು ಹೋಗಬೇಡಿ, ಎಂದಿನಷ್ಟೇ ಮಾಡಿ. ಮೂರನೇ ವಾರದಲ್ಲಿ ಒಬ್ಬರ ಮುಂದೆ ಮಾಡಿ ತೋರಿಸಿ. ಅವ್ವನೋ, ಮಗಳೋ, ಸ್ನೇಹಿತನೋ, ಯಾರಾದರೂ ಸರಿ.

ನಾಲ್ಕನೇ ವಾರದ ಕೊನೆಗೆ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಚಹಾ ಕುಡಿದು, ಮೊದಲ ದಿನದ ರೆಕಾರ್ಡಿಂಗ್ ಕೇಳಿ. ಅದರ ಬೆನ್ನಿಗೇ ಇವತ್ತಿನದನ್ನು ಕೇಳಿ. ನನ್ನ ಮೊದಲ ದಿನದ ಕೆಹರವಾದಲ್ಲಿ ಎರಡನೇ ‘ನ’ ಬರುವಷ್ಟರಲ್ಲಿ ನಾನು ನಿಂತೇಬಿಟ್ಟಿದ್ದೆ. ನಾಲ್ಕನೇ ವಾರದ್ದರಲ್ಲಿ ಎಂಟು ಸುತ್ತು ನಿಲ್ಲದೆ ಬಂದಿತ್ತು, ನಿಧಾನವಾಗಿ, ಆದರೆ ಪೂರ್ತಿಯಾಗಿ. ಎರಡೂ ಕೇಳಿ ಮುಗಿದ ಮೇಲೆ ಗುರಿ ಬರೆದ ಅದೇ ಹಾಳೆ ತೆಗೆಯಿರಿ. ಯಾವ ಯಾವ ಬೆಂಡು ಹೋಯಿತು ಅಂತ ಬರೆದು, ಅದರ ಕೆಳಗೆ ನಾಳೆ ಯಾವ ಬೆಂಡು ಬಿಚ್ಚುತ್ತೀರಿ ಅಂತ ಬರೆಯಿರಿ.